ಕಡಿಮೆ ಖರ್ಚಿನಲ್ಲಿ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ನೀರ್ಚಾಲು, ಉಪ್ಪಳ, ಮಂಜೇಶ್ವರ ಕಡೆಯ ಬಡಗಿಗಳು, ವೆಲ್ಡಿಂಗ್ ಶಾಪಿನವರು, ಐಟಿಐ ಮುಗಿಸಿದ ಹುಡುಗರು ಫೋನಿನಲ್ಲಿ, ಪತ್ರದಲ್ಲಿ, ಎದುರು ಸಿಕ್ಕಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅವರ ಮಾತಿನಲ್ಲೇ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನು ಮಾತ್ರ ಓದಿದರೂ ಸಾಕು. ಆದರೆ ದುಡ್ಡು ಬಿಚ್ಚುವ ಮೊದಲು ಚೌಕಟ್ಟಿನ ಬಗ್ಗೆ ಬರೆದದ್ದನ್ನು ಮಾತ್ರ ಬಿಡಬೇಡಿ.

## ಶುರು ಮಾಡುವವರಿಗೆ

ಸಿಎನ್‌ಸಿ ಅಂದ್ರೆ ಏನು? ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲದವನಿಗೂ ಆಗ್ತದಾ?

ಖಂಡಿತ ಆಗುತ್ತದೆ. ತಿರುಗುತ್ತಾ ಕೊರೆಯುವ ಬಿಟ್ ಒಂದನ್ನು ಎಡ-ಬಲ, ಹಿಂದೆ-ಮುಂದೆ, ಮೇಲೆ-ಕೆಳಗೆ ಹೀಗೆ ಮೂರು ದಿಕ್ಕಿಗೆ ಮೋಟಾರುಗಳು ಒಯ್ಯುತ್ತವೆ. ಎಲ್ಲಿಗೆ, ಎಷ್ಟು ವೇಗದಲ್ಲಿ ಹೋಗಬೇಕೆಂದು ಕಂಪ್ಯೂಟರ್ ಸಾಲು ಸಾಲಾಗಿ ಹೇಳುತ್ತದೆ. ಆ ಸಾಲುಗಳೇ ಜಿ-ಕೋಡ್. ‘ಜಿ1 ಎಕ್ಸ್100 ಎಫ್800’ ಅಂದರೆ ಎಕ್ಸ್ ದಿಕ್ಕಿನ 100 ಮಿ.ಮೀ. ಗುರುತಿಗೆ, ನಿಮಿಷಕ್ಕೆ 800 ಮಿ.ಮೀ. ವೇಗದಲ್ಲಿ ಕೊರೆಯುತ್ತಾ ಹೋಗು ಎಂದು. ಇದನ್ನು ಕೈಯಲ್ಲಿ ಬರೆಯುತ್ತಾ ಕೂರಬೇಕಾಗಿಲ್ಲ. ಚಿತ್ರ ಕೊಟ್ಟರೆ ಸಾಫ್ಟ್‌ವೇರ್ ಬರೆದುಕೊಡುತ್ತದೆ.

1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇಂಥ ಮೆಷಿನ್ ಮೊದಲು ಓಡಿದಾಗ ಆದೇಶಗಳು ತೂತು ಹೊಡೆದ ಟೇಪಿನಲ್ಲಿದ್ದವು, ನಿಯಂತ್ರಣ ಪೆಟ್ಟಿಗೆಯೇ ಭಾರೀ ದೊಡ್ಡದಿತ್ತು. ಇವತ್ತು ಅಂಗೈಯಲ್ಲಿ ಹಿಡಿಯುವ ಆರ್ಡುಯಿನೋ ಬೋರ್ಡ್ ಆ ಕೆಲಸ ಮಾಡುತ್ತದೆ. ಅದರೊಳಗೆ ಓಡುವ ಜಿಆರ್‌ಬಿಎಲ್ ಪ್ರೋಗ್ರಾಂ ಪುಕ್ಕಟೆ. ಅಂದರೆ ಅಗ್ಗವಾಗಿರುವುದು ಮೆಷಿನ್ನಿನ ತಲೆ ಮಾತ್ರ. ಕಬ್ಬಿಣ, ಬೇರಿಂಗ್, ಸ್ಕ್ರೂ ಅಗ್ಗವಾಗಿಲ್ಲ. ಅದಕ್ಕೇ ಲೋಹದ ಕೆಲಸ ಗೊತ್ತಿದ್ದವರಿಗೆ ಇದು ಬೇಗ ಕೈಹತ್ತುತ್ತದೆ.

ಒಂದೇ ಮೆಷಿನ್‌ನಲ್ಲಿ ಮರ, ಅಲ್ಯೂಮಿನಿಯಂ, ಕಬ್ಬಿಣ ಎಲ್ಲ ಮಾಡಬಹುದಾ?

ಮರ, ಅಕ್ರಿಲಿಕ್, ಪಿವಿಸಿ ಶೀಟ್ ಆರಾಮಾಗಿ ಆಗುತ್ತವೆ. ಅಲ್ಯೂಮಿನಿಯಂ, ಹಿತ್ತಾಳೆ ನಿಧಾನಕ್ಕೆ ಆಗುತ್ತವೆ. ಕಬ್ಬಿಣದ ಆಸೆ ಬಿಡಿ.

ಕಾರಣ ಹೇಳುತ್ತೇನೆ. ಬಿಟ್ ಹಿಡಿದು ತಿರುಗಿಸುವ ಮೋಟಾರಿಗೆ ಸ್ಪಿಂಡಲ್ ಎನ್ನುತ್ತಾರೆ. ನಾವು ಹಾಕುವ 1.5 ಕಿಲೋವಾಟ್ ಸ್ಪಿಂಡಲ್ ಆ ಪೂರ್ತಿ ಶಕ್ತಿ ಕೊಡುವುದು ನಿಮಿಷಕ್ಕೆ 24,000 ಸುತ್ತಿನಲ್ಲಿ. 10 ಮಿ.ಮೀ. ಕಾರ್ಬೈಡ್ ಬಿಟ್ಟಿನಲ್ಲಿ ಕಬ್ಬಿಣ ಕೊರೆಯಲು ಸುಮಾರು 2,500 ಸುತ್ತು ಬೇಕು. ಸುತ್ತು ಇಳಿಸಿದ ಹಾಗೆ ಶಕ್ತಿಯೂ ಇಳಿಯುತ್ತದೆ. ಅಲ್ಲಿ ನಿಮ್ಮ ಕೈಗೆ ಸಿಗುವುದು 150 ವಾಟ್ ಆಸುಪಾಸು. ಸುತ್ತು ಏರಿಸಿದರೆ ಬಿಟ್ ಕೆಂಪಾಗಿ ಸುಟ್ಟುಹೋಗುತ್ತದೆ. ಕಬ್ಬಿಣದ ಕೆಲಸವೇ ಮುಖ್ಯವಾದರೆ ಒಂದು ಹಳೆಯ ಮಿಲ್ಲಿಂಗ್ ಮೆಷಿನ್ ಹುಡುಕಿ, ಅದಕ್ಕೆ ಮೋಟಾರು ಕೂರಿಸುವುದು ಒಳ್ಳೆಯದು.

ನಮ್ಮೂರಲ್ಲಿ ಇದರಲ್ಲಿ ಮಾಡಿ ಮಾರುವಂಥದ್ದು ಏನುಂಟು ಮಾರಾಯ್ರೇ?

ಈ ಪ್ರಶ್ನೆ ಕೇಳಿದವರು ಉಳಿದವರಿಗಿಂತ ಮುಂದಿದ್ದಾರೆ ಎಂದು ನನ್ನ ಲೆಕ್ಕ. ಮೆಷಿನ್ ಕಟ್ಟಿ ಆಮೇಲೆ ಕೆಲಸ ಹುಡುಕುವುದಲ್ಲ, ಕೆಲಸ ಹಿಡಿದು ಅದಕ್ಕೆ ತಕ್ಕ ಮೆಷಿನ್ ಕಟ್ಟಬೇಕು.

ಮನೆ, ಅಂಗಡಿಗಳ ನಾಮಫಲಕಕ್ಕೆ ಯಾವಾಗಲೂ ಗಿರಾಕಿ ಉಂಟು. ಕನ್ನಡ, ಮಲಯಾಳ ಎರಡರಲ್ಲೂ ಕೆತ್ತಿ ಕೊಡುವವರಿಗಂತೂ ಇನ್ನೂ ಜಾಸ್ತಿ. ಬಾಗಿಲು, ಕಿಟಕಿಯ ಕೆತ್ತನೆ, ದೇವರ ಮಂಟಪ ಬಡಗಿಗಳ ಮೂಲಕ ಬರುತ್ತವೆ. ಅಡಿಕೆ ಹಾಳೆಯ ತಟ್ಟೆ ಮಾಡುವವರಿಗೆ ಅಚ್ಚು ಬೇಕಾಗುತ್ತದೆ. ಉರುಟಿನ ಅಚ್ಚನ್ನು ಲೇತಿನಲ್ಲಿ ತಿರುಗಿಸಬಹುದು, ಚೌಕ ಮತ್ತು ಎಲೆ ಆಕಾರಕ್ಕೆ ಮಿಲ್ಲಿಂಗೇ ಆಗಬೇಕು. ಎರಕ ಹೊಯ್ಯುವವರಿಗೆ ಮರದ ಮಾದರಿ ಕೊಡುವುದು ಇನ್ನೊಂದು ಒಳ್ಳೆಯ ದಾರಿ. ಅದರಲ್ಲಿ ಪೈಪೋಟಿ ಕಡಿಮೆ.

ಯಕ್ಷಗಾನದ ವೇಷಭೂಷಣದ ಬಗ್ಗೆಯೂ ತುಂಬ ಜನ ಕೇಳುತ್ತಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ಕೇಳದೆ ಇರುತ್ತಾರಾ! ಭುಜಕೀರ್ತಿ, ಎದೆಪದಕಗಳಿಗೆ ಹಗುರ ಮರವನ್ನು ಒಂದೇ ಅಳತೆಯಲ್ಲಿ ಕತ್ತರಿಸಿ ಕೊಡಲು ಮೆಷಿನ್ ಹೇಳಿ ಮಾಡಿಸಿದ್ದು. ಆದರೆ ದಪ್ಪ ಎಷ್ಟು, ಎಲ್ಲಿ ತೋಡಬೇಕು ಎಂದು ವೇಷಭೂಷಣ ಕಟ್ಟುವವರ ಹತ್ತಿರ ಕೇಳಿಯೇ ಮಾಡಿ. ಇಡೀ ರಾತ್ರಿ ಕುಣಿಯುವವರ ಮೈಮೇಲೆ ಕೂರುವ ಸಾಮಾನು ಅದು, ತೂಕ ಜಾಸ್ತಿ ಆಗಬಾರದು.

ಒಟ್ಟು ಎಷ್ಟು ದುಡ್ಡು ಬೇಕಾದೀತು?

600×400 ಮಿ.ಮೀ. ಕೆಲಸದ ಜಾಗ ಇರುವ, ಮರಕ್ಕೂ ಸ್ವಲ್ಪ ಅಲ್ಯೂಮಿನಿಯಂಗೂ ಆಗುವ ಮೆಷಿನ್‌ಗೆ ಸುಮಾರು ಒಂದು ಲಕ್ಷ ಇಟ್ಟುಕೊಳ್ಳಿ. ದರ ಹೆಚ್ಚುಕಡಿಮೆ ಆಗುತ್ತಿರುತ್ತದೆ. ಆದ್ದರಿಂದ ಪಾಲು ಹೇಳುವುದೇ ಸರಿ: ಅರ್ಧಕ್ಕಿಂತ ಜಾಸ್ತಿ ಚೌಕಟ್ಟು, ಭಾಗಗಳು ಜಾರುವ ರೈಲು, ಅವನ್ನು ತಳ್ಳುವ ಬಾಲ್ ಸ್ಕ್ರೂಗೆ ಹೋಗಬೇಕು. ಸ್ಪಿಂಡಲ್ ಮತ್ತು ಅದನ್ನು ಓಡಿಸುವ ವಿಎಫ್‌ಡಿಗೆ ಕಾಲು ಭಾಗ. ಉಳಿದದ್ದರಲ್ಲಿ ಮೋಟಾರು, ಅದಕ್ಕೆ ಕರೆಂಟ್ ಕೊಟ್ಟು ಓಡಿಸುವ ಡ್ರೈವರ್, ಬೋರ್ಡ್, ವಯರಿಂಗ್. ಬಿಟ್, ಕ್ಲ್ಯಾಂಪ್, ಸಣ್ಣ ಅಳತೆ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್‌ಗೆ ಬೇರೆಯೇ ದುಡ್ಡು ಎತ್ತಿಡಿ. ಇದನ್ನು ಹೆಚ್ಚಿನವರು ಮರೆಯುತ್ತಾರೆ.

ಆನ್‌ಲೈನ್‌ನಲ್ಲಿ ಸಿಗುವ 3018 ಕಿಟ್ ಸಾಲದಾ?

ಕಲಿಯಲು ಸಾಕು. 300×180 ಮಿ.ಮೀ. ಜಾಗ, ಸಣ್ಣ ಸ್ಪಿಂಡಲ್. ಸರ್ಕ್ಯೂಟ್ ಬೋರ್ಡ್ ಕೊರೆಯಲು, ಸಣ್ಣ ಫಲಕ ಬರೆಯಲು ಅಡ್ಡಿಯಿಲ್ಲ. ಹಲಸಿನ ಮರಕ್ಕೆ ಇಳಿಸಿದರೆ ಒದ್ದಾಡುತ್ತದೆ. ಅದರಲ್ಲಿ ದುಡಿದು ಹೊಟ್ಟೆ ಹೊರೆಯುವುದು ಕಷ್ಟ.

## ಕಟ್ಟುವಾಗ

ಚೌಕಟ್ಟಿಗೆ ಯಾವುದು ಹಾಕ್ಲಿ? ಪ್ಲೈವುಡ್ಡಾ, ಅಲ್ಯೂಮಿನಿಯಂ ಪ್ರೊಫೈಲಾ, ವೆಲ್ಡಿಂಗಾ?

ಪ್ಲೈವುಡ್ ನಮ್ಮ ಹವೆಗೆ ಆಗುವುದಿಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಏಪ್ರಿಲ್‌ನಲ್ಲಿ ಕುಗ್ಗುತ್ತದೆ. ಇವತ್ತು ಸರಿ ಮಾಡಿದ ಮೂಲೆ ನಾಲ್ಕು ತಿಂಗಳಲ್ಲಿ ಸೊಟ್ಟ. ಅಲ್ಯೂಮಿನಿಯಂ ಪ್ರೊಫೈಲ್ ಚೆನ್ನಾಗಿದೆ, ಬೋಲ್ಟ್ ಬಿಗಿದರೆ ಮುಗಿಯಿತು, ಆದರೆ ದಪ್ಪದ್ದಕ್ಕೆ ದುಡ್ಡು ಜಾಸ್ತಿ. ನಮ್ಮಲ್ಲಿ ವೆಲ್ಡಿಂಗ್ ಬಲ್ಲವರು ಬೇಕಾದಷ್ಟು ಇದ್ದಾರೆ. ಹಾಗಾಗಿ ಎಂ.ಎಸ್. ಬಾಕ್ಸ್ ಪೈಪೇ ನನ್ನ ಆಯ್ಕೆ.

ಪೈಪಿನ ಅಳತೆಯಲ್ಲಿ ಜಿಪುಣತನ ಬೇಡ. 3 ಮಿ.ಮೀ. ದಪ್ಪದ 40×40 ಪೈಪಿನ ಬದಲು ಅಷ್ಟೇ ದಪ್ಪದ 80×80 ಹಾಕಿದರೆ ತೂಕ ಎರಡು ಪಟ್ಟು ಆಗುತ್ತದೆ, ಬಾಗದೆ ನಿಲ್ಲುವ ಶಕ್ತಿ ಎಂಟು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಇಡೀ ಮೆಷಿನ್‌ನಲ್ಲಿ ಇಷ್ಟು ಲಾಭದ ವ್ಯಾಪಾರ ಇನ್ನೊಂದಿಲ್ಲ. ಬಿಟ್ ನಡುಗಿದರೆ ಕೆತ್ತನೆಯ ಮೇಲೆ ಗೆರೆ ಬೀಳುತ್ತದೆ, ಬಿಟ್ ಮುರಿಯುತ್ತದೆ. ಎಷ್ಟು ದುಬಾರಿ ಬೋರ್ಡ್ ಹಾಕಿದರೂ ಅದು ನಿಲ್ಲುವುದಿಲ್ಲ.

ವೆಲ್ಡಿಂಗ್‌ನ ತೊಂದರೆ ಅಂದರೆ ಕಾವಿಗೆ ಪೈಪ್ ಎಳೆಯುತ್ತದೆ. ಮೊದಲು ಎಲ್ಲ ಕಡೆ ಚುಕ್ಕಿ ಹಾಕಿ, ಅಳತೆ ನೋಡಿ, ಆಮೇಲೆ ಎದುರು ಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ವೆಲ್ಡ್ ಮಾಡಿ. ಇಷ್ಟಾದರೂ ರೈಲು ಕೂರುವ ಜಾಗ ಸಮ ಬರುವುದಿಲ್ಲ. ಅದಕ್ಕೆ ಎರಡು ದಾರಿ. ಒಂದು, ಅಲ್ಲಿ ಪಟ್ಟಿ ವೆಲ್ಡ್ ಮಾಡಿ ದೊಡ್ಡ ಮೆಷಿನ್ ಶಾಪಿನಲ್ಲಿ ಒಂದೇ ಸಲಕ್ಕೆ ಎರಡೂ ಪಟ್ಟಿಗಳ ಮೇಲ್ಮೈ ತೆಗೆಸುವುದು. ಇನ್ನೊಂದು, ಸುತ್ತ ದಂಡೆ ಕಟ್ಟಿ ನೀರಿನ ಹಾಗೆ ಹರಿದು ಸಮ ಆಗುವ ಎಪಾಕ್ಸಿ ಹೊಯ್ಯುವುದು. ಎರಡು ಬದಿಯ ದಂಡೆಗಳ ನಡುವೆ ಒಂದು ಕಾಲುವೆ ಬಿಡಬೇಕು, ಆಗ ಎರಡೂ ಒಂದೇ ಮಟ್ಟಕ್ಕೆ ನಿಲ್ಲುತ್ತವೆ. ಈ ಕೆಲಸವನ್ನು ಡಿಸೆಂಬರ್–ಫೆಬ್ರವರಿ ಒಳಗೆ ಮಾಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಎಪಾಕ್ಸಿಯ ಮೇಲೆ ಅಂಟಂಟು ಪದರ ಬರುತ್ತದೆ.

ಅಡುಗೆಮನೆಗೆ ಹಾಕಿ ಉಳಿದ ಗ್ರಾನೈಟ್ ಆಗ್ತದಾ ಎಂದೂ ಕೇಳುತ್ತಾರೆ. ಭಾರಕ್ಕೆ, ನಡುಕ ನುಂಗಲು ಒಳ್ಳೆಯದು. ಆದರೆ ಪಾಲಿಶ್ ಇದೆ ಅಂದ ಮಾತ್ರಕ್ಕೆ ಅದು ಸಮ ಇದೆ ಅಂತ ಅಲ್ಲ.

ಹಾರ್ಡ್‌ವೇರ್ ಅಂಗಡಿಯ ಥ್ರೆಡ್ ರಾಡ್ ಹಾಕಿದ್ರೆ ಸ್ಕ್ರೂ ಖರ್ಚು ಉಳೀತದಲ್ವಾ?

ಉಳಿಯುತ್ತದೆ, ಆದರೆ ಆಮೇಲೆ ಒಂದೊಂದು ಜಾಬ್‌ನಲ್ಲೂ ಕಳೆದುಕೊಳ್ಳುತ್ತೀರಿ. ಆ ರಾಡ್ ಬಿಗಿಯಲು ಮಾಡಿದ್ದು, ಓಡಾಡಲು ಅಲ್ಲ. ನಟ್ಟು ಬೇಗ ಸವೆದು ಲೂಸ್ ಆಗುತ್ತದೆ. 1605 ಬಾಲ್ ಸ್ಕ್ರೂ ಹಾಕಿ: 16 ಮಿ.ಮೀ. ದಪ್ಪ, ಒಂದು ಸುತ್ತಿಗೆ 5 ಮಿ.ಮೀ. ಸಾಗುತ್ತದೆ. ಒಂದು ಮೀಟರಿಗಿಂತ ಉದ್ದದ ಮೆಷಿನ್ ಆದರೆ ತೆಳು ಸ್ಕ್ರೂ ವೇಗದಲ್ಲಿ ಹಗ್ಗದ ಹಾಗೆ ಬೀಸುತ್ತದೆ. ಅಲ್ಲಿ ರ‍್ಯಾಕ್ ಮತ್ತು ಪಿನಿಯನ್ ವಾಸಿ. ರೈಲಿಗೆ ಚೌಕ ಆಕಾರದ 15 ಅಥವಾ 20 ಮಿ.ಮೀ. ರೈಲು ತೆಗೆದುಕೊಳ್ಳಿ.

ನೆಮಾ 17 ಮೋಟಾರು ಸಾಕಾ, 23 ಬೇಕಾ?

ಈ ಅಳತೆಯ ಮೆಷಿನ್‌ಗೆ 23 ಬೇಕು, ಅದು ದೊಡ್ಡ ಗಾತ್ರದ್ದು. ಡ್ರೈವರಿಗೆ 36 ವೋಲ್ಟ್ ಕೊಡಿ. ಸ್ಟೆಪ್ಪರ್ ಮೋಟಾರಿನ ಬಲ ವೇಗ ಏರಿದ ಹಾಗೆ ಇಳಿಯುತ್ತದೆ, ವೋಲ್ಟೇಜ್ ಜಾಸ್ತಿ ಇದ್ದಷ್ಟು ನಿಧಾನಕ್ಕೆ ಇಳಿಯುತ್ತದೆ.

ಲೆಕ್ಕ ಸುಲಭ. ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತದೆ. ಡ್ರೈವರಿನಲ್ಲಿ ಒಂದು ಹೆಜ್ಜೆಯನ್ನು 8 ಭಾಗ ಮಾಡಿದರೆ 1,600. ಸ್ಕ್ರೂ 5 ಮಿ.ಮೀ. ಸಾಗುವುದರಿಂದ ಒಂದು ಮಿ.ಮೀ.ಗೆ 320 ಹೆಜ್ಜೆ. ನಿಮಿಷಕ್ಕೆ 3,000 ಮಿ.ಮೀ. ಓಡಿಸಿದರೆ ಸೆಕೆಂಡಿಗೆ 16,000 ಹೆಜ್ಜೆ ಬೇಕು. ಆರ್ಡುಯಿನೋ ಊನೋದಲ್ಲಿ ಜಿಆರ್‌ಬಿಎಲ್ ಸುಮಾರು 30,000 ತನಕ ಕೊಡುತ್ತದೆ. 8ರ ಬದಲು 32 ಭಾಗ ಮಾಡಿದರೆ ಬೋರ್ಡೇ ಹಿಂದೆ ಬೀಳುತ್ತದೆ, ನಿಖರತೆಯೇನೂ ಹೆಚ್ಚುವುದಿಲ್ಲ.

ಬಡಗಿಗಳ ಟ್ರಿಮ್ಮರನ್ನೇ ಸ್ಪಿಂಡಲ್ ಮಾಡಿದ್ರೆ?

ಆಗುತ್ತದೆ, ಶುರುವಿಗೆ ಒಳ್ಳೆಯದು ಕೂಡ. ಆದರೆ ಅದರ ಸದ್ದು ಅಕ್ಕಪಕ್ಕದ ಮನೆಯವರಿಗೂ ಕೇಳುತ್ತದೆ, ಕಾರ್ಬನ್ ಬ್ರಶ್ ಆಗಾಗ ಬದಲಿಸಬೇಕು, ಗಂಟೆಗಟ್ಟಲೆ ಓಡಿಸಲು ಮಾಡಿದ್ದಲ್ಲ. ಕೆಲಸ ಬರತೊಡಗಿದ ಮೇಲೆ ವಿಎಫ್‌ಡಿ ಸ್ಪಿಂಡಲ್‌ಗೆ ಹೋಗಿ. ಬಿಟ್ ಹಿಡಿಯುವ ಇಆರ್11 ಕಾಲೆಟ್ಟಿನಲ್ಲಿ 7 ಮಿ.ಮೀ. ತನಕದ ಬಿಟ್ ಕೂರುತ್ತದೆ, ಇಆರ್20ರಲ್ಲಿ 13 ಮಿ.ಮೀ. ತನಕ.

ಸಾಮಾನು ಎಲ್ಲಿಂದ ತರಿಸ್ಲಿ?

ಕಬ್ಬಿಣ, ಬೋಲ್ಟ್, ಬೇರಿಂಗ್ ಕಾಸರಗೋಡಿನಲ್ಲೂ ಮಂಗಳೂರಿನಲ್ಲೂ ಸಿಗುತ್ತದೆ. ಮೋಟಾರು, ಡ್ರೈವರ್, ಬೋರ್ಡ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೈಯಲ್ಲಿ ಹಿಡಿದು ನೋಡಿ ತರಬಹುದು. ರೈಲು, ಸ್ಕ್ರೂ ಆನ್‌ಲೈನಿನಲ್ಲಿ ತರಿಸುವುದಾದರೆ ಬಂದ ದಿನವೇ ನಟ್ಟನ್ನು ಕೈಯಲ್ಲಿ ಓಡಿಸಿ ನೋಡಿ. ಗಾಜಿನ ಮೇಲೆ ಸ್ಕ್ರೂ ಉರುಳಿಸಿದರೆ ಬಾಗಿದ್ದು ಕಣ್ಣಿಗೇ ಕಾಣುತ್ತದೆ.

ಎಮರ್ಜೆನ್ಸಿ ಸ್ವಿಚ್ ಸಾಫ್ಟ್‌ವೇರಿನಲ್ಲೇ ಉಂಟಲ್ಲಾ, ಬೇರೆ ಯಾಕೆ?

ಕಂಪ್ಯೂಟರ್ ಹ್ಯಾಂಗ್ ಆದಾಗ ಆ ಬಟನ್ ಕೆಲಸ ಮಾಡುವುದಿಲ್ಲ, ನಿಮಗೆ ಅದು ಬೇಕಾಗುವುದೇ ಆಗ. ಕೆಂಪು ಅಣಬೆ ಸ್ವಿಚ್ ಒತ್ತಿದರೆ ಕಾಂಟ್ಯಾಕ್ಟರ್ ಬಿದ್ದು ಸ್ಪಿಂಡಲ್ಲಿಗೂ ಡ್ರೈವರಿಗೂ ಕರೆಂಟ್ ಕಡಿಯಬೇಕು. ಕೈಗವಸು ಹಾಕಿಕೊಂಡು ಸ್ಪಿಂಡಲ್ ಹತ್ತಿರ ಹೋಗಬೇಡಿ, ಬಟ್ಟೆ ಸುತ್ತಿಕೊಂಡರೆ ಬೆರಳು ಹೋಗುತ್ತದೆ. ಕನ್ನಡಕ, ಮಾಸ್ಕ್ ಬಿಡಬೇಡಿ. ಮರದ ಹುಡಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಇದನ್ನು ನಮ್ಮ ಬಡಗಿಗಳಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ.

## ಓಡಿಸುವಾಗ

ಕನ್ನಡ ಅಕ್ಷರ ಟೈಪ್ ಮಾಡಿದ್ರೆ ಒತ್ತು ಎಲ್ಲ ಬಿಡಿಬಿಡಿಯಾಗ್ತದೆ. ಏನು ಮಾಡುವುದು?

ಕೆತ್ತನೆಯ ಎಷ್ಟೋ ಸಾಫ್ಟ್‌ವೇರಿಗೆ ಕನ್ನಡದ ಅಕ್ಷರ ಜೋಡಿಸಲು ಬರುವುದಿಲ್ಲ. ಇಂಕ್‌ಸ್ಕೇಪಿನಲ್ಲಿ ಯೂನಿಕೋಡ್ ಫಾಂಟ್ ಹಾಕಿ ಬರೆಯಿರಿ, ಅಲ್ಲಿ ಸರಿ ಬರುತ್ತದೆ, ಪುಕ್ಕಟೆ ಕೂಡ. ಬರೆದದ್ದನ್ನು ಗೆರೆಯಾಗಿ ಬದಲಿಸಿ ಎಸ್‌ವಿಜಿ ಫೈಲ್ ಉಳಿಸಿ, ಅದನ್ನು ಕೆತ್ತನೆಯ ಸಾಫ್ಟ್‌ವೇರಿಗೆ ಕೊಡಿ. ಅದಕ್ಕೆ ಇನ್ನು ಅದು ಅಕ್ಷರ ಅಲ್ಲ, ಬರೀ ಚಿತ್ರ. ಮಲಯಾಳಕ್ಕೂ ಇದೇ ದಾರಿ.

ಇನ್ನೊಂದು ವಿಷಯ ಬಿಟ್ಟಿನ ಗಾತ್ರ. ‘ಮುಳ್ಳೇರಿಯ’ ಎಂದು ಬರೆಯುವಾಗ ಳಕಾರದ ಒತ್ತಿನ ಒಳಗಿನ ಸಂದು ನೋಡಿ. ಅಕ್ಷರ 40 ಮಿ.ಮೀ. ಎತ್ತರ ಇದ್ದರೂ ಆ ಸಂದು ತೀರಾ ಸಣ್ಣದು. 3 ಮಿ.ಮೀ. ಬಿಟ್ ಅದರೊಳಗೆ ಹೋಗುವುದೇ ಇಲ್ಲ, ಒತ್ತು ಮುದ್ದೆಯಾಗಿ ಕಾಣುತ್ತದೆ. ಅಕ್ಷರಕ್ಕೆ 60 ಡಿಗ್ರಿಯ ವಿ-ಬಿಟ್ ಹಾಕಿ. ಗೆರೆ ಅಗಲ ಇದ್ದಲ್ಲಿ ಆಳಕ್ಕೆ ಇಳಿಯುತ್ತದೆ, ಸಣ್ಣಗಾದಲ್ಲಿ ಮೇಲೇಳುತ್ತದೆ. 4 ಮಿ.ಮೀ. ಅಗಲದ ಗೆರೆಗೆ ಸುಮಾರು 3.5 ಮಿ.ಮೀ. ಆಳ ಹೋಗುತ್ತದೆ, ಹಲಗೆಯ ದಪ್ಪ ಅದಕ್ಕೆ ತಕ್ಕ ಹಾಗೆ ಇರಲಿ.

ಫೀಡ್ ಎಷ್ಟು, ಸ್ಪೀಡ್ ಎಷ್ಟು ಇಡಬೇಕು?

ಫೀಡ್ ಅಂದರೆ ಬಿಟ್ ಮುಂದೆ ಸಾಗುವ ವೇಗ, ಸ್ಪೀಡ್ ಅಂದರೆ ಅದು ತಿರುಗುವ ವೇಗ. ಒಂದು ಅಲಗು ಒಂದು ಸುತ್ತಿಗೆ ಎಷ್ಟು ಕಚ್ಚಬೇಕು ಎಂದು ಮೊದಲು ತೀರ್ಮಾನಿಸಿ. ಅದನ್ನು ಅಲಗಿನ ಸಂಖ್ಯೆಯಿಂದಲೂ ಸುತ್ತಿನಿಂದಲೂ ಗುಣಿಸಿದರೆ ಫೀಡ್. 6 ಮಿ.ಮೀ.ಯ ಎರಡು ಅಲಗಿನ ಬಿಟ್, 15,000 ಸುತ್ತು, 0.06 ಮಿ.ಮೀ. ಕಚ್ಚು ಅಂದರೆ ನಿಮಿಷಕ್ಕೆ 1,800 ಮಿ.ಮೀ. ಹಲಸು, ತೇಗಕ್ಕೆ ಇಲ್ಲಿಂದ ಶುರು ಮಾಡಿ, ಒಂದು ಸಲಕ್ಕೆ 3 ಮಿ.ಮೀ. ಆಳ ಸಾಕು. ನಿಧಾನಕ್ಕೆ ಓಡಿಸಿದರೆ ಬಿಟ್‌ಗೆ ಒಳ್ಳೆಯದು ಎಂಬ ನಂಬಿಕೆ ತಪ್ಪು. ಆಗ ಅಲಗು ಕಚ್ಚದೆ ಉಜ್ಜುತ್ತದೆ, ಕಾದು ಕಪ್ಪಾಗುತ್ತದೆ. ಕೆಳಗೆ ಬೀಳುವುದು ನುಣ್ಣಗಿನ ಹುಡಿ ಆದರೆ ಫೀಡ್ ಏರಿಸಿ. ತೆಳು ಚೂರು ಬಿದ್ದರೆ ಸರಿ ಇದೆ.

ತೆಂಗಿನ ಮರ, ಗೆರಟೆ ಕೊರೀಬಹುದಾ?

ಕೊರೆಯಬಹುದು. ತೆಂಗಿನ ಮರದ ಹೊರಭಾಗ ಗಟ್ಟಿ, ಒಳಗೆ ಮೆತ್ತಗೆ, ಹಾಗಾಗಿ ಹಲಗೆಯನ್ನು ಹೊರಭಾಗದಿಂದಲೇ ತೆಗೆಸಿ. ಅದರಲ್ಲಿ ಸಿಲಿಕಾ ಇರುವುದರಿಂದ ಅಲಗು ಬೇಗ ಮೊಂಡಾಗುತ್ತದೆ. ಕಾರ್ಬೈಡ್ ಬಿಟ್ಟೇ ಆಗಬೇಕು. ಗೆರಟೆಯ ತೊಂದರೆ ಬೇರೆ: ಎಲ್ಲ ಕಡೆ ಬಾಗಿದ ವಸ್ತು, ಹಿಡಿಯುವುದೇ ಕಷ್ಟ. ಬಟನ್, ಪದಕದಂಥ ಸಣ್ಣ ತುಂಡು ಮಾಡಿ, ಮರದಲ್ಲಿ ಕುಳಿ ತೋಡಿದ ಹಿಡಿಕೆಯಲ್ಲಿ ಕೂರಿಸಿ ಕೊರೆಯಿರಿ.

ಅರ್ಧ ಕೆಲಸದಲ್ಲಿ ಕರೆಂಟ್ ಹೋದ್ರೆ ಜಾಬ್ ಹಾಳಾ?

ಓಡಾಟದ ತುದಿ ಮುಟ್ಟಿತು ಎಂದು ಬೋರ್ಡಿಗೆ ತಿಳಿಸುವ ಲಿಮಿಟ್ ಸ್ವಿಚ್ ಹಾಕಿದ್ದರೆ ಹಾಳಲ್ಲ. ಮರದ ತುಂಡನ್ನು ಅಲುಗಾಡಿಸಬೇಡಿ. ಕರೆಂಟ್ ಬಂದ ಮೇಲೆ ಬಿಟ್ಟನ್ನು ಕೈಯಿಂದ ಮೇಲೆತ್ತಿ, ಹೋಮಿಂಗ್ ಮಾಡಿ, ಅಂದರೆ ಮೆಷಿನ್ ಆ ಸ್ವಿಚ್‌ಗಳನ್ನು ಮುಟ್ಟಿ ತಾನು ಎಲ್ಲಿದ್ದೇನೆ ಎಂದು ತಿಳಿದುಕೊಳ್ಳಲಿ. ಕೆಲಸ ಶುರು ಮಾಡುವಾಗ ಜಿ54ರಲ್ಲಿ ಇಟ್ಟ ಕೆಲಸದ ಸೊನ್ನೆ ಬಿಂದು ಬೋರ್ಡಿನಲ್ಲಿ ಉಳಿದಿರುತ್ತದೆ. ನಿಂತ ಸಾಲಿಗಿಂತ ಸ್ವಲ್ಪ ಹಿಂದಿನಿಂದ ಮತ್ತೆ ಓಡಿಸಿ, ಆದರೆ ಸ್ಪಿಂಡಲ್ ತಿರುಗುವ ಆದೇಶ ಬಿಟ್ಟುಹೋಗಿಲ್ಲ ಎಂದು ಮೊದಲು ನೋಡಿಕೊಳ್ಳಿ. ಲಿಮಿಟ್ ಸ್ವಿಚ್‌ಗೆ ಆಗುವ ಖರ್ಚು ತೀರಾ ಕಡಿಮೆ. ಹಾಕದೆ ಇರಲು ಕಾರಣವೇ ಇಲ್ಲ.

ಮಳೆಗಾಲದಲ್ಲಿ ರೈಲಿಗೆ ತುಕ್ಕು ಹಿಡೀತದೆ. ತೆಂಗಿನೆಣ್ಣೆ ಹಾಕಬಹುದಾ?

ಬೇಡ. ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಮರದ ಹುಡಿ ಸೇರಿದರೆ ಮೇಣದ ಹಾಗೆ ಕೂರುತ್ತದೆ. ಮೆಷಿನ್ ರೈಲಿಗೆಂದೇ ಬರುವ 68 ನಂಬರಿನ ಎಣ್ಣೆ ಸಿಗುತ್ತದೆ, ಸಿಗದಿದ್ದರೆ ಹೊಲಿಗೆ ಮೆಷಿನ್ ಎಣ್ಣೆಯಾದರೂ ಸಾಕು. ಹುಡಿ ಒರೆಸಿ ಆಮೇಲೆ ಎಣ್ಣೆ ಹಾಕಿ. ಮರದ ಹುಡಿ ತೇವ ಹೀರಿ ರೈಲಿಗೆ ಅಂಟಿ ಕೂತರೆ ಅದರ ಅಡಿಯಿಂದಲೇ ತುಕ್ಕು ಶುರುವಾಗುತ್ತದೆ. ಕಡಲ ಬದಿಯ ಕುಂಬಳೆ, ಉಪ್ಪಳ, ಮಂಜೇಶ್ವರದವರಿಗೆ ಉಪ್ಪುಗಾಳಿಯೂ ಸೇರುತ್ತದೆ. ಕೆಲಸ ಇಲ್ಲದ ದಿನವೂ ಮೆಷಿನ್ ಸ್ವಲ್ಪ ಓಡಿಸಿ.

## ಕೈ ಪಳಗಿದವರಿಗೆ

100 ಮಿ.ಮೀ. ಅಂತ ಹೇಳಿದ್ರೆ 99.4 ಬರ್ತದೆ. ಸ್ಟೆಪ್ ಸಂಖ್ಯೆ ಬದಲಿಸ್ಲಾ?

ಬದಲಿಸಬೇಡಿ. ಸಾಧಾರಣ ಸಿ7 ದರ್ಜೆಯ ಬಾಲ್ ಸ್ಕ್ರೂ ಕೂಡ 300 ಮಿ.ಮೀ.ಗೆ 0.05 ಮಿ.ಮೀ. ಒಳಗೇ ತಪ್ಪುತ್ತದೆ. 0.6 ಮಿ.ಮೀ. ತಪ್ಪು ಸ್ಕ್ರೂವಿನದ್ದಲ್ಲ. ಸಂಖ್ಯೆ ತಿದ್ದಿದರೆ 100 ಸರಿಯಾಗಿ 200 ಕೆಡುತ್ತದೆ.

ಡಯಲ್ ಗೇಜನ್ನು ಸ್ಪಿಂಡಲ್ ಬದಿಗೆ ತಾಗಿಸಿ ಇಡಿ. ಒಂದೇ ದಿಕ್ಕಿಗೆ 1 ಮಿ.ಮೀ. ಓಡಿಸಿ, ಮುಳ್ಳು ಪೂರ್ತಿ ಒಂದು ತೋರಿಸಬೇಕು. ಈಗ 1 ಮಿ.ಮೀ. ಹಿಂದೆ ತನ್ನಿ. ಮುಳ್ಳು ಸ್ವಲ್ಪ ಹೊತ್ತು ಅಲುಗಾಡದೆ ನಿಂತು, ಆಮೇಲೆ ಹೊರಟು 0.9 ಮಾತ್ರ ಹಿಂದೆ ಬಂದು ನಿಂತರೆ 0.1 ಮಿ.ಮೀ. ಲೂಸ್ ಇದೆ. ಹೆಚ್ಚಾಗಿ ಅದು ಸ್ಕ್ರೂ ತುದಿಯ ಬೇರಿಂಗಿನಲ್ಲೋ ಕಪ್ಲಿಂಗಿನ ಸ್ಕ್ರೂನಲ್ಲೋ ಇರುತ್ತದೆ. ಲೂಸ್ ಏನೂ ಇಲ್ಲದಿದ್ದರೆ ಬಿಟ್ಟಿನ ದಪ್ಪ ಅಳೆಯಿರಿ. 6 ಎಂದು ಬರೆದ ಬಿಟ್ 5.9 ಇರುವುದೂ ಉಂಟು.

ಮೂಲೆ ನೋಡಲು 300×400ರ ನಾಲ್ಕು ಮೂಲೆಗೆ ತೂತು ಹಾಕಿಸಿ ಅಡ್ಡ ಅಳೆಯಿರಿ. ಎರಡೂ 500 ಬರಬೇಕು. ಬಾರದಿದ್ದರೆ ಮೇಲಿನ ಕಮಾನಿನ ಎರಡು ಕಾಲು ಒಂದೇ ಸಾಲಿನಲ್ಲಿ ಇಲ್ಲ.

ವಿಎಫ್‌ಡಿ ಹಾಕಿದ ಮೇಲೆ ಮೆಷಿನ್ ಸುಮ್ನೆ ಸುಮ್ನೆ ನಿಲ್ತದೆ, ಇಎಲ್‌ಸಿಬಿಯೂ ಬೀಳ್ತದೆ. ಬೋರ್ಡ್ ಹೋಯ್ತಾ?

ಬೋರ್ಡ್ ಹೋಗಿಲ್ಲ. ವಿಎಫ್‌ಡಿಯ ವಯರಿನಿಂದ ಹೊರಡುವ ಗದ್ದಲವನ್ನು ಲಿಮಿಟ್ ಸ್ವಿಚ್ಚಿನ ವಯರ್ ಹಿಡಿದುಕೊಳ್ಳುತ್ತದೆ, ಸ್ವಿಚ್ ಒತ್ತಿದೆ ಎಂದು ಬೋರ್ಡ್ ನಿಲ್ಲಿಸುತ್ತದೆ. ಸ್ಪಿಂಡಲ್‌ಗೆ ಜಾಲರಿ ಇರುವ ಕೇಬಲ್ ಹಾಕಿ, ಜಾಲರಿಯನ್ನು ವಿಎಫ್‌ಡಿ ಬದಿಯಲ್ಲಿ ಅರ್ತ್ ಮಾಡಿ. ಲಿಮಿಟ್ ವಯರನ್ನು ಅದರ ಜೊತೆ ಒಂದೇ ಕಟ್ಟಿನಲ್ಲಿ ಒಯ್ಯಬೇಡಿ. ಬೋರ್ಡಿನ ಹತ್ತಿರ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿ, ಆಪ್ಟೋಕಪ್ಲರ್ ಹಾಕಿದರೆ ಇನ್ನೂ ಒಳ್ಳೆಯದು. ವಿಎಫ್‌ಡಿಯಿಂದ ಅರ್ತ್‌ಗೆ ಸ್ವಲ್ಪ ಕರೆಂಟ್ ಸೋರುವುದು ಸಹಜ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿನ ಇಎಲ್‌ಸಿಬಿ ಅದಕ್ಕೇ ಬೀಳುತ್ತದೆ. ಆ ಸಿಟ್ಟಿಗೆ ಅರ್ತ್ ವಯರ್ ಕಿತ್ತು ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಜೀವ ಹೋಗುತ್ತದೆ. ಎಲೆಕ್ಟ್ರಿಷಿಯನ್ ಕರೆದು ವಿಎಫ್‌ಡಿಗೆ ಹೊಂದುವ ಬೇರೆ ಲೈನ್ ಮಾಡಿಸಿ.

ಅಲ್ಯೂಮಿನಿಯಂ ಬಿಟ್ಟಿಗೇ ಅಂಟಿಕೊಂಡು ಬಿಟ್ ಮುರೀತದೆ

ಒಂದೇ ಅಲಗಿನ ಬಿಟ್ ಹಾಕಿ, ಚೂರು ಹೊರಬರಲು ಜಾಗ ಸಿಗುತ್ತದೆ. ಆಳ ಕಡಿಮೆ ಮಾಡಿ, ಫೀಡ್ ಇಳಿಸಬೇಡಿ. ಕಂಪ್ರೆಸರಿನ ಗಾಳಿ ಬಿಡುತ್ತಾ ಇರಿ, ಬಿದ್ದ ಚೂರನ್ನು ಮತ್ತೆ ಕೊರೆದರೇ ಅಂಟುವುದು. ಬಿಟ್ ಕಾಲೆಟ್ಟಿನಿಂದ ಎಷ್ಟು ಹೊರಗಿದೆ ನೋಡಿ: 20 ಮಿ.ಮೀ. ಬದಲು 40 ಇದ್ದರೆ ಎಂಟು ಪಟ್ಟು ಬಾಗುತ್ತದೆ. ಕಿಟಕಿ ಚೌಕಟ್ಟಿನ ಗುಜರಿ ಅಲ್ಯೂಮಿನಿಯಂ ಮೆತ್ತಗಿದ್ದು ಜಾಸ್ತಿ ಅಂಟುತ್ತದೆ. 6061 ಪ್ಲೇಟ್ ತಂದು ನೋಡಿ.

ಸಾಲ, ಸಬ್ಸಿಡಿ ಸಿಗ್ತದಾ?

ಕೇಂದ್ರ ಸರಕಾರದ ಉದ್ಯೋಗ ಸೃಷ್ಟಿಯ ಪಿಎಂಇಜಿಪಿ ಯೋಜನೆಯಲ್ಲಿ ಗ್ರಾಮೀಣ ಭಾಗದ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ 25%, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು ಮೊದಲಾದವರಿಗೆ 35% ಸಬ್ಸಿಡಿ ಇದೆ. ಕೈಯಿಂದ ಹಾಕಬೇಕಾದ್ದು 10%, ವಿಶೇಷ ವರ್ಗಕ್ಕೆ 5%. ಇದು ಹೊಸ ಘಟಕಕ್ಕೆ ಮಾತ್ರ. ಅಂಗಡಿ ಶುರು ಮಾಡಿ ಆಮೇಲೆ ಅರ್ಜಿ ಹಾಕಿದರೆ ನಡೆಯುವುದಿಲ್ಲ. ಬ್ಯಾಂಕಿನವರು ಮೆಷಿನ್‌ಗೆ ಕೊಟೇಶನ್ ಕೇಳುತ್ತಾರೆ. ನೀವೇ ಕಟ್ಟುವುದಾದರೆ ಬಿಡಿಭಾಗಗಳಿಗೆ ಜಿಎಸ್‌ಟಿ ಬಿಲ್ಲು ಇರುವ ಅಂಗಡಿಯಿಂದಲೇ ಕೊಟೇಶನ್ ತನ್ನಿ, ಮೊದಲೇ ಮ್ಯಾನೇಜರರ ಹತ್ತಿರ ಮಾತಾಡಿ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

ಈ ಮೆಷಿನ್‌ನಲ್ಲೇ ಇನ್ನೊಂದು ಮೆಷಿನ್ನಿನ ಭಾಗ ಮಾಡಬಹುದಾ?

ಮಾಡಬಹುದು, ಮಾಡಲೇಬೇಕು ಎನ್ನುವವನು ನಾನು. ಸ್ಪಿಂಡಲ್ ಹಿಡಿಕೆ, ಮೋಟಾರ್ ಪ್ಲೇಟ್, ನಟ್ ಬ್ಲಾಕ್ ಇವೆಲ್ಲ 12 ಮಿ.ಮೀ. ಅಲ್ಯೂಮಿನಿಯಂನಲ್ಲಿ ಆರಾಮಾಗಿ ಬರುತ್ತವೆ. ಮೊದಲ ಮೆಷಿನ್‌ನಲ್ಲಿ ವೆಲ್ಡ್ ಮಾಡಿ ಹೇಗೋ ಹೊಂದಿಸಿದ ಭಾಗಗಳನ್ನು ಹೀಗೆ ಒಂದೊಂದಾಗಿ ಬದಲಿಸಿ. ಬೇರಿಂಗ್ ಕೂರುವ ತೂತನ್ನು ಮಾತ್ರ ಸ್ವಲ್ಪ ಸಣ್ಣದಾಗಿ ಕೊರೆದು, ಕೊನೆಯ ಅಳತೆಯನ್ನು ಲೇತಿನಲ್ಲಿ ಬೋರ್ ಮಾಡಿಸಿ. ರೈಲು ಕೂರುವ ಉದ್ದದ ಪ್ಲೇಟುಗಳನ್ನು ಇದರಲ್ಲಿ ಮಾಡಬೇಡಿ, ಈ ಮೆಷಿನ್ನಿನ ಸೊಟ್ಟ ಹಾಗೇ ಅದಕ್ಕೂ ಇಳಿಯುತ್ತದೆ. ಅವನ್ನು ಮಂಗಳೂರಿನ ಬೈಕಂಪಾಡಿಯಲ್ಲೋ ಬೇರೆಲ್ಲೋ ದೊಡ್ಡ ವಿಎಂಸಿ (ಕಾರ್ಖಾನೆಯ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್) ಇರುವ ಶಾಪಿಗೆ ಕೊಡಿ. ಡ್ರಾಯಿಂಗಿನಲ್ಲಿ ಯಾವ ಮುಖ ಯಾವುದಕ್ಕೆ ಸಮ ಇರಬೇಕು, ಎಷ್ಟರೊಳಗೆ ಇರಬೇಕು ಎಂದು ಬರೆದುಕೊಟ್ಟರೆ ಅವರಿಗೂ ಕೆಲಸ ಸುಲಭ, ನಿಮಗೂ ಎರಡನೇ ಸಲ ಓಡುವುದು ತಪ್ಪುತ್ತದೆ.